ರಟ್ಟಿನ ಪೆಟ್ಟಿಗೆ ಬಿಟ್ಟು ಬಿನ್ ಹಿಡಿದ ಲೆಕ್ಕ: ಪೀಣ್ಯದಿಂದ ಹೊಸೂರಿಗೆ

ಪೀಣ್ಯದ ನಮ್ಮ ಶೆಡ್ಡಿನಿಂದ ಹೊಸೂರಿನ ಗ್ರಾಹಕರಿಗೆ ಹೋಗುವ ಮಾಲನ್ನು ರಟ್ಟಿನ ಪೆಟ್ಟಿಗೆ ಬಿಟ್ಟು, ಖಾಲಿಯಾದ ಮೇಲೆ ವಾಪಸ್ ತರಿಸಿ ಮತ್ತೆ ತುಂಬುವ ಪ್ಲಾಸ್ಟಿಕ್ ಬಿನ್ನಿನಲ್ಲಿ ಕಳಿಸತೊಡಗಿದೆವು. ಖಾಲಿ ಬಿನ್ ವಾಪಸ್ ಬರುವ ಮಾತೇ ಇಲ್ಲ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ನಕ್ಕವರೇ ಈಗ ಲೆಕ್ಕ ಕೇಳುತ್ತಿದ್ದಾರೆ. ನೆನಪಿದ್ದಷ್ಟು ಬರೆಯುತ್ತೇನೆ.

ಮಾಲು ಗ್ರೈಂಡಿಂಗ್ ಆದ (ಉಜ್ಜಿ ನಯ ಮಾಡಿದ) ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ದಂಡ, ದಿನಕ್ಕೆ 1,200 ಆಸುಪಾಸು. 600×400 ಎಂಎಂ ಬಿನ್ನಿಗೆ 40 ಹಾಕಿದರೆ 14 ಕೆಜಿಯೊಳಗೆ ನಿಲ್ಲುತ್ತದೆ, ಒಬ್ಬನೇ ಎತ್ತಬಹುದು. ದಿನಕ್ಕೆ 30 ಬಿನ್.

ಎಡವಿದ್ದು ಸುತ್ತಿನ ದಿನದಲ್ಲಿ, ಅಂದರೆ ಒಂದು ಬಿನ್ ಹೋಗಿ ಬಂದು ಮತ್ತೆ ತುಂಬಲು ಸಿಗುವಷ್ಟರಲ್ಲಿ ಹಿಡಿಯುವ ದಿನಗಳ ಲೆಕ್ಕದಲ್ಲಿ. ನಮ್ಮಲ್ಲಿ 2, ದಾರಿ 1, ಗ್ರಾಹಕರಲ್ಲಿ 4, ವಾಪಸಿಗೆ 1, ಒರೆಸಲು 1, ಒಟ್ಟು 9 ಎಂದುಕೊಂಡು, ಮೇಲೆ ಶೇ. 15 ಸೇರಿಸಿ 310 ಕೊಂಡದ್ದು. ಎರಡನೇ ತಿಂಗಳಿಗೇ ಬಿನ್ ಇಲ್ಲದೆ ಮತ್ತೆ ರಟ್ಟು! ಎಣಿಸಿ ನೋಡಿದರೆ ಗ್ರಾಹಕರ ಸ್ಟೋರ್ಸಿನಲ್ಲಿ ಕೂರುತ್ತಿದ್ದದ್ದು 4 ದಿನವಲ್ಲ, 9. ಸುತ್ತು 14 ಆಯಿತು, ಅದೇ ಶೇ. 15 ಸೇರಿಸಿ ಬಿನ್ 480 ಬೇಕಾಯಿತು. ಐವತ್ತು ಅರವತ್ತು ಮಾಯವೂ ಆದವು: ಬೋಲ್ಟ್ ತುಂಬಲು, ಊಟದ ಹೊತ್ತಿಗೆ ಬೋರಲು ಹಾಕಿ ಕೂರಲು. ಸ್ಟಿಕ್ಕರ್ ನಿಲ್ಲುವುದಿಲ್ಲ, ಕಾದ ಕಬ್ಬಿಣದಿಂದ ಹೆಸರಿನ ಬರೆ ಎಳೆಯಿರಿ. ರಿಟರ್ನಬಲ್ ಡೀಸಿ (ವಾಪಸ್ ಬರಬೇಕಾದ ಮಾಲಿನ ಡೆಲಿವರಿ ಚಲನ್) ಬೇರೆಯೇ ಇರಲಿ, ಪ್ರತಿ ಶನಿವಾರ ತಾಳೆ ನೋಡಿ. ಷೇರುಪೇಟೆಯಲ್ಲಿರುವ ಗ್ರಾಹಕರು ಬಿಆರ್‌ಎಸ್‌ಆರ್ ವರದಿಗೆಂದು (ಪರಿಸರ, ಸಮಾಜದ ಹೊಣೆಯ ಬಗ್ಗೆ ಕಂಪನಿ ಕೊಡುವ ವಾರ್ಷಿಕ ವರದಿ) ಪ್ಯಾಕಿಂಗ್ ಕಸದ ಲೆಕ್ಕ ಕೇಳಿದರೆ ಅದೇ ಡೀಸಿ ಪುಸ್ತಕ ನೆರವಿಗೆ ಬರುತ್ತದೆ.

ದುಡ್ಡು: ಬಿನ್ ₹600ರಂತೆ ಹತ್ತಿರ ಹತ್ತಿರ ₹2.9 ಲಕ್ಷ. ಪೆಟ್ಟಿಗೆ ₹40 ಇದ್ದಾಗ ಬಿನ್ನಿನ ಒಂದು ಸುತ್ತಿಗೆ ಬಾಡಿಗೆ, ಒರೆಸುವ ಕೂಲಿ ಎಲ್ಲ ಸೇರಿ ₹15. ದಿನಕ್ಕೆ ₹750 ಉಳಿತಾಯ, ರಜೆ ಬಿಟ್ಟು ಅಸಲು ಬರಲು ಹದಿನೈದು ತಿಂಗಳು ಎಂದುಕೊಂಡಿದ್ದೆವು. ಚೀನಾ 2021ರ ಜನವರಿಯಿಂದ ರದ್ದಿ ಕಾಗದದ ಆಮದು ನಿಲ್ಲಿಸುವ ಹೊತ್ತಿಗೆ, ರಟ್ಟಿನ ಪೆಟ್ಟಿಗೆಗೆ ಬೇಕಾದ ಇಲ್ಲಿನ ಕ್ರಾಫ್ಟ್ ಕಾಗದದ ರೀಲ್ ಅತ್ತ ಹೊರಟಿತು. ಪೆಟ್ಟಿಗೆ ₹55 ಮುಟ್ಟಿತು, ಅದೂ ಹೇಳಿದ ದಿನಕ್ಕೆ ಸಿಗಲಿಲ್ಲ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಮಾಲು ರೆಡಿ, ತುಂಬಲು ಡಬ್ಬವಿಲ್ಲ. ನಮ್ಮ ಲಾರಿ ಒಂದು ದಿನವೂ ನಿಲ್ಲಲಿಲ್ಲ, ಅಸಲು ಹತ್ತೇ ತಿಂಗಳಲ್ಲಿ ಬಂತು.

ಆದರೆ ಲಾಕ್‌ಡೌನಿನಂಥ ಹೊತ್ತಲ್ಲಿ ಗ್ರಾಹಕರ ಗೇಟು ಮುಚ್ಚಿದರೆ ಬಿನ್ ಒಳಗೇ ಬಂದಿ. ಅದಕ್ಕೇ ಮೂರು ದಿನದ ರಟ್ಟು, 90 ಪೆಟ್ಟಿಗೆ, ಮಡಚಿ ಇಟ್ಟಿದ್ದೇವೆ. ಹಳೆಯದನ್ನು ಮೊದಲು ಬಳಸಿ, ಇಲ್ಲದಿದ್ದರೆ ಥಂಡಿ ಹಿಡಿದು ತಳ ಕಳಚುತ್ತದೆ.

ತುಕ್ಕಿನ ಕಾಟ ಬೇರೆ. ರಟ್ಟು ತೇವ ಹೀರುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ. ತೊಳೆಯುವ ಮಷಿನ್ನಿನಿಂದ ಬಿಸಿಯಾಗಿ ಬಂದ ಶಾಫ್ಟನ್ನು ಹಾಗೇ ವಿಸಿಐ ಕವರಿಗೆ (ತುಕ್ಕು ತಡೆಯುವ ಆವಿ ಬಿಡುವ ಪ್ಲಾಸ್ಟಿಕ್ ಕವರು) ತುಂಬಿದರೆ ಒಳಗೇ ಬೆವರುತ್ತದೆ. ಒಂದು ಇಡೀ ಬ್ಯಾಚು ವಾಪಸ್ ಬಂದದ್ದು ಹಾಗೆಯೇ. ಶಾಫ್ಟ್ ಪೂರ್ತಿ ತಣ್ಣಗಾಗಿ ಒಣಗಲಿ, ಕವರ್ ಪ್ರತಿ ಸಲ ಹೊಸದು. ಬಿನ್ನಿಗೆ ಏರ್ ಹೊಡೆದು ಒಣಬಟ್ಟೆ ಸಾಕು, ಎಣ್ಣೆ ಮೆತ್ತಿದ್ದನ್ನು ಮಾತ್ರ ತೊಳೆಯಿರಿ.

ಶಾಫ್ಟುಗಳ ನಡುವೆ 3 ಎಂಎಂ ದಪ್ಪದ ಟೊಳ್ಳು ಪ್ಲಾಸ್ಟಿಕ್ ಹಾಳೆ, ಸನ್‌ಪ್ಯಾಕ್ ಹಾಕುತ್ತೇವೆ. ಅದರ ಬದಲು ಅಡಿಕೆ ಹಾಳೆ ಕತ್ತರಿಸಿ ಹಾಕಿಯೂ ಆಯಿತು: ಅಗ್ಗ, ಮೆತ್ತಗೆ, ಒಂದೇ ವಾರಕ್ಕೆ ಬೂಷ್ಟು. ಅದು ಊಟದ ತಟ್ಟೆಗೇ ಸರಿ.

ಖಾಲಿ ಬಿನ್ ಅದೇ ಲಾರಿಯಲ್ಲಿ ಹಿಂದಿರುಗುವಂತೆ ಗೇಟಿನಲ್ಲಿ ಒಂದು ಏರ್ಪಾಡಿದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬಂದದ್ದನ್ನು ಮಾತ್ರ ಅಂಗಳದ ಬಿಸಿಲಿಗೆ ಪೇರಿಸಬೇಡಿ, ಮೊದಲು ಸೀಳುವುದು ಹಿಡಿಯ ಮೂಲೆ.