ಇವತ್ತು ಎಲ್ಲಿ ನೋವು?

ಮಂಡ್ಯದ ಹತ್ತಿರ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ಹುಡುಗಿಯರಿಗೆ ಖೋ ಖೋ, ಹುಡುಗರಿಗೆ ಕಬಡ್ಡಿ, ಎಲ್ಲರಿಗೂ ಓಟ ಮತ್ತು ಉದ್ದಜಿಗಿತ ಕಲಿಸುತ್ತೇನೆ. ಹೋಬಳಿ ಮಟ್ಟದ ಆಟ ಹತ್ತಿರ ಬಂದಾಗ ಬೇರೆ ಶಾಲೆಯ ಮೇಷ್ಟ್ರುಗಳು ಫೋನ್ ಮಾಡುತ್ತಾರೆ. ಒಬ್ಬಳಿಗೆ ಕಾಲು ಉಳುಕಿದೆ, ಇನ್ನೊಬ್ಬನಿಗೆ ಮೊಣಕಾಲು ನೋವು, ಏನು ಮಾಡೋದು ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳು ನೋವು ಮುಚ್ಚಿಡುತ್ತಾರೆ. ಮೊದಲು ಇದನ್ನು ತಿಳಿದುಕೊಳ್ಳಬೇಕು. ಹೇಳಿದರೆ ತಂಡದಿಂದ ಹೆಸರು ತೆಗೆಯುತ್ತಾರೆ ಅನ್ನುವ ಭಯ ಒಂದು ಕಡೆ. ಮನೆಯಲ್ಲಿ ಗೊತ್ತಾದರೆ ‘ನಾಳೆಯಿಂದ ಆಟಗೀಟ ಬೇಡ’ ಅಂತಾರೆ ಅನ್ನುವ ಭಯ ಇನ್ನೊಂದು ಕಡೆ. ಹೆಣ್ಣುಮಕ್ಕಳಿಗೆ ಈ ಎರಡನೇ ಭಯ ಜಾಸ್ತಿ. ‘ನೋವಿದ್ಯಾ?’ ಅಂತ ಕೇಳಿದರೆ ‘ಇಲ್ಲ ಸಾ’ ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಅದಕ್ಕೇ ನಾನು ಬೆಳಿಗ್ಗೆ ಸಾಲಾಗಿ ನಿಂತಾಗ ಒಬ್ಬೊಬ್ಬರ ಮುಂದೆಯೂ ನಿಂತು ‘ಇವತ್ತು ಎಲ್ಲಿ ನೋವು?’ ಅಂತಲೇ ಕೇಳುತ್ತೇನೆ. ಆಗ ಬಾಯಿ ಬಿಡುತ್ತಾರೆ. ‘ಮೀನಖಂಡ ಒಸಿ ಹಿಡ್ಕಂಡದೆ ಸಾ.’ ‘ಹಿಮ್ಮಡಿ ಊರಕ್ಕಾಯ್ತಿಲ್ಲ ಸಾ.’ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನೋವು ಹೇಳಿದವರ ಹೆಸರು ತಂಡದಲ್ಲೇ ಇರುತ್ತದೆ, ಅವತ್ತಿನ ಕೆಲಸ ಮಾತ್ರ ಬದಲಾಗುತ್ತದೆ. ಈ ಮಾತನ್ನು ಉಳಿಸಿಕೊಂಡಿದ್ದೇನೆ, ಆದ್ದರಿಂದ ಮಕ್ಕಳು ನಂಬುತ್ತಾರೆ.

ಅವರು ನೋವು ತೋರಿಸುವ ರೀತಿಯನ್ನೂ ನೋಡಬೇಕು. ಅಂಗೈಯಿಂದ ಇಡೀ ತೊಡೆ ಸವರಿ ‘ಇಲ್ಲೆಲ್ಲ’ ಅಂದರೆ, ಎರಡೂ ಕಾಲಲ್ಲಿ ಅಂದರೆ, ಸಾಮಾನ್ಯವಾಗಿ ಅದು ಸ್ನಾಯು ದಣಿದ ನೋವು. ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಲ್ಲಿ, ಒಂದೇ ಜಾಗದಲ್ಲಿ, ಒಂದೇ ಬೆರಳಿಟ್ಟು ‘ಇಲ್ಲಿ ಸಾ’ ಅಂದರೆ ನಾನು ಅವತ್ತು ಓಡಿಸುವುದಿಲ್ಲ. ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯ ಮೇಲೆ ಹಾಗೆ ಬೆರಳಿಟ್ಟರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಡಾಕ್ಟರಿಗೆ ತೋರಿಸಲೇಬೇಕು.

ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳದ್ದು ಬೇರೆಯೇ ವಿಷಯ. ಆ ವಯಸ್ಸಿನಲ್ಲಿ ಮೂಳೆ ಸರಸರ ಉದ್ದವಾಗುತ್ತದೆ, ಸ್ನಾಯು ಅದರ ಹಿಂದೆ ಬಿಗಿಯಾಗಿ ಎಳೆದುಕೊಂಡು ಹೋಗುತ್ತದೆ. ಮೂಳೆಯ ತುದಿಯ ಹತ್ತಿರ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಜಿಗಿದಾಗ, ಓಡಿದಾಗ ತೊಡೆಯ ಸ್ನಾಯು ಆ ಎಳೆಯ ಜಾಗವನ್ನೇ ಜಗ್ಗುತ್ತದೆ. ಮೊಣಕಾಲು ಚಿಪ್ಪಿನ ಕೆಳಗೆ ಗಂಟು ಎದ್ದು ನೋಯುತ್ತದೆ. ಇದಕ್ಕೆ ಆಸ್‌ಗುಡ್ ಶ್ಲಾಟರ್ ಅಂತಾರೆ. ಹಿಮ್ಮಡಿಯಲ್ಲಿ ಇದೇ ರೀತಿ ಬಂದರೆ ಸೀವರ್ಸ್. ಶಾಲೆಯ ಗೋಡೆಯ ಮೇಲೆ ಗೆರೆ ಹಾಕಿ ತಿಂಗಳಿಗೊಮ್ಮೆ ಎಲ್ಲರ ಎತ್ತರ ಅಳೆಯುತ್ತೇನೆ. ಯಾರ ಗೆರೆ ದಿಢೀರ್ ಅಂತ ಮೇಲೆ ಹೋಗಿದೆಯೋ ಅವರಿಗೆ ಜಿಗಿತ ಕಮ್ಮಿ ಮಾಡುತ್ತೇನೆ, ನೋವು ಶುರುವಾಗುವ ಮುಂಚೆಯೇ.

ಒಬ್ಬ ಹುಡುಗಿಯ ತಾಯಿ ಬಂದು, ‘ಮಂಡಿ ಕೆಳಗೆ ಗಂಟು ಬಂದದೆ ಮೇಷ್ಟ್ರೇ, ನೀವ್ಸಿದ್ರೆ ಸರೋಯ್ತದೆ, ಕರ್ಕೊಂಡೋಯ್ತೀನಿ’ ಅಂದರು. ‘ಬೇಡ ಕಣಮ್ಮ, ಅದು ಬೆಳೆಯೋ ಮೂಳೆ. ತಿಕ್ಕಿದರೆ ಇನ್ನೂ ರೇಗುತ್ತೆ. ಒಂದ್ಸಲ ಮೂಳೆ ಡಾಕ್ಟರಿಗೆ ತೋರಿಸೋಣ’ ಅಂದೆ. ತೋರಿಸಿದರು. ಅದೇ ಅಂತ ಗೊತ್ತಾಯಿತು. ಜಿಗಿಯುವುದು, ಕುಕ್ಕರಗಾಲಲ್ಲಿ ಕೂತು ಏಳುವುದು ನಿಲ್ಲಿಸಿ, ತೊಡೆಯ ಸ್ನಾಯು ಮೆಲ್ಲಗೆ ಎಳೆಯುವ ವ್ಯಾಯಾಮ ಕೊಟ್ಟೆವು. ಖೋ ಖೋದಲ್ಲಿ ಕೂರುವುದೇ ಕುಕ್ಕರಗಾಲಲ್ಲಿ ಅಲ್ವಾ? ಆದ್ದರಿಂದ ಅವಳು ಆ ತಿಂಗಳುಗಳಲ್ಲಿ ಅಂಪೈರಿಂಗ್ ಕಲಿತಳು. ಬೆಳವಣಿಗೆ ನಿಂತ ಮೇಲೆ ಈ ನೋವು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಗಂಟು ಸ್ವಲ್ಪ ಉಳಿದರೂ ತೊಂದರೆಯಿಲ್ಲ. ಅಷ್ಟು ದಿನ ಮಗುವಿಗೆ ಧೈರ್ಯ ತುಂಬುವುದು ನಮ್ಮ ಕೆಲಸ.

ನಮ್ಮ ಕಡೆಯ ಮಕ್ಕಳ ದಣಿವಿಗೆ ಆಟವೊಂದೇ ಕಾರಣ ಅಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ ಶುರುವಾಗುತ್ತದೆ. ಶಾಲಾ ಕ್ರೀಡಾಕೂಟಗಳೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಭಾನುವಾರವೆಲ್ಲ ಕೆಸರಲ್ಲಿ ಸೊಂಟ ಬಗ್ಗಿಸಿದ ಹುಡುಗಿ ಸೋಮವಾರ ಬೆಳಿಗ್ಗೆ ಬಂದು ನಿಲ್ಲುತ್ತಾಳೆ. ಹುಲ್ಲಿನ ಹೊರೆ ಹೊತ್ತು ತಂದು, ಸೈಕಲ್ ತುಳಿದು ಬಂದ ಹುಡುಗನಿಗೆ ನಾನು ‘ನಾಲ್ಕು ರೌಂಡ್ ಓಡು’ ಅಂದರೆ ಹೇಗೆ? ವಾರಕ್ಕೆ ಮಗುವಿನ ವಯಸ್ಸಿನಷ್ಟು ಗಂಟೆಗಿಂತ ಜಾಸ್ತಿ ತರಬೇತಿ ಬೇಡ ಅನ್ನುವುದು ತಜ್ಞರು ಹೇಳುವ ಲೆಕ್ಕ. ಹದಿಮೂರು ವರ್ಷಕ್ಕೆ 13 ಗಂಟೆ. ನಾನು ಗದ್ದೆ ಕೆಲಸವನ್ನೂ ಆ ಲೆಕ್ಕಕ್ಕೇ ಸೇರಿಸುತ್ತೇನೆ. ‘ನಿನ್ನೆ ಗದ್ದೆಗೆ ಹೋಗಿದ್ರಾ?’ ಅಂತ ಕೇಳಿ, ಹೋದವರಿಗೆ ಹಗುರ ಕೆಲಸ ಕೊಡುತ್ತೇನೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು.

ವಾರ್ಮ್ ಅಪ್ ಅಂದರೆ ನಮ್ಮಲ್ಲಿ ಎರಡು ರೌಂಡ್ ಓಡಿ ಕೈಕಾಲು ಬೀಸುವುದು. ಅದು ಸಾಲದು. ಫುಟ್‌ಬಾಲಿಗಾಗಿ ಮಾಡಿದ ‘ಫಿಫಾ 11+’ ಅನ್ನುವ ವ್ಯಾಯಾಮಗಳಿವೆ, ಸುಮಾರು 20 ನಿಮಿಷದ್ದು. ಅದನ್ನು ಬಿಡದೆ ಮಾಡಿದ ತಂಡಗಳಲ್ಲಿ ಪೆಟ್ಟು ಗಣನೀಯವಾಗಿ ಇಳಿದಿದೆ. ಓಟ, ಒಂಟಿಕಾಲಲ್ಲಿ ನಿಲ್ಲುವುದು, ಹೊಟ್ಟೆ ಸೊಂಟ ಗಟ್ಟಿ ಮಾಡುವುದು, ಜಿಗಿದು ಇಳಿಯುವುದು, ಇಷ್ಟೇ. ಖರ್ಚಿಲ್ಲ. ನಾನು ಹೆಚ್ಚು ಹೊತ್ತು ಕೊಡುವುದು ಇಳಿಯುವುದಕ್ಕೆ. ಶಾಲೆಯ ಜಗಲಿಯಿಂದ ಹುಡುಗಿಯರನ್ನು ಜಿಗಿಸಿ ಎದುರಿಗೆ ಕೂತು ನೋಡುತ್ತೇನೆ. ಕೆಲವರ ಮೊಣಕಾಲು ಒಳಕ್ಕೆ ವಾಲಿ ಒಂದಕ್ಕೊಂದು ತಗಲುವ ಹಾಗೆ ಬರುತ್ತದೆ. ಓಡುತ್ತಾ ತಿರುಗುವಾಗ ಹೀಗಾದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಕಟ್ಟು ಹರಿಯಬಹುದು. ಹುಡುಗರಿಗಿಂತ ಹುಡುಗಿಯರಲ್ಲಿ ಇದರ ಅಪಾಯ ಜಾಸ್ತಿ. ‘ಮೊಣಕಾಲು ಪಾದದ ನೇರಕ್ಕೆ ಇರಲಿ, ಸದ್ದು ಬರಬಾರದು’ ಅನ್ನುತ್ತೇನೆ. ಸದ್ದು ಮಾಡದೆ ಇಳಿಯಬೇಕಾದರೆ ಮಂಡಿ, ಸೊಂಟ ಬಗ್ಗಲೇಬೇಕು.

ಮೈದಾನ ನಾನೇ ಒಂದು ಸುತ್ತು ನಡೆದು ನೋಡುತ್ತೇನೆ. ಹಿಂದಿನ ದಿನ ಶಾಮಿಯಾನ ಹಾಕಿದ್ದರೆ ಮೊಳೆ, ಗಾಜಿನ ಚೂರು ಇದ್ದೇ ಇರುತ್ತವೆ. ಮಣ್ಣಿನಲ್ಲಿ ಬರಿಗಾಲಲ್ಲಿ ಕಬಡ್ಡಿ ಆಡಿದ ಹುಡುಗರು ಮ್ಯಾಟ್ ಮೇಲೆ ಶೂ ಹಾಕಿ ಆಡುವಾಗ ಪಾದ ಕಚ್ಚಿಕೊಂಡು ಮಂಡಿ ತಿರುಚುತ್ತದೆ. ಪಂದ್ಯದ ದಿನವೇ ಮೊದಲ ಸಲ ಮ್ಯಾಟ್ ಹತ್ತಿಸಬೇಡಿ.

ಉಳುಕಿಗೆ ನಮ್ಮೂರಿನ ಮದ್ದು ಎಣ್ಣೆ ಹಚ್ಚಿ ನೀವುವುದು. ಮೊದಲ ಎರಡು ಮೂರು ದಿನ ನೀವಬಾರದು, ಬಿಸಿ ಶಾಖ ಕೊಡಬಾರದು, ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲು ಎತ್ತರಕ್ಕೆ ಇಡಿ. ಬಿದ್ದ ಮಗು ನಾಲ್ಕು ಹೆಜ್ಜೆಯೂ ಊರಿ ನಡೆಯಲಾಗದಿದ್ದರೆ, ಪಾದದ ಮೇಲಿನ ಗಂಟಿನ ಮೂಳೆ ಮುಟ್ಟಿದಾಗ ಕಿರುಚಿದರೆ, ಎಕ್ಸ್‌ರೇ ಬೇಕು. ನಾಟಿ ವೈದ್ಯರು ಹಾಕಿದ ಕಟ್ಟು ಬಿಗಿಯಾಗಿ ಬೆರಳು ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ, ಯಾರ ಮಾತಿಗೂ ಕಾಯದೆ ಬಿಚ್ಚಿ ಆಸ್ಪತ್ರೆಗೆ ಓಡಿ. ರಕ್ತ ಹರಿಯದೆ ಕಾಲನ್ನೇ ಕಳೆದುಕೊಂಡವರಿದ್ದಾರೆ.

ತಲೆ ಪೆಟ್ಟಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಒಂದು ತಾಲ್ಲೂಕು ಮಟ್ಟದ ಪಂದ್ಯದಲ್ಲಿ ನಮ್ಮ ಒಳ್ಳೆಯ ರೇಡರ್‌ನ ಕಪಾಳಕ್ಕೆ ಎದುರಾಳಿಯ ಮೊಣಕಾಲು ಬಡಿಯಿತು. ಎದ್ದು ನಿಂತು ‘ಏನಿಲ್ಲ ಸಾ’ ಅಂದ. ಸ್ಕೋರ್ ಎಷ್ಟು ಅಂದೆ. ಮೊದಲಾರ್ಧದ ಸ್ಕೋರ್ ಹೇಳಿದ. ಹೊರಗೆ ಕೂರಿಸಿದೆ. ‘ಐದು ನಿಮಿಷ ಅದೆ, ಬುಡಿ ಮೇಷ್ಟ್ರೇ’ ಅಂತ ಊರಿನವರು ಕೂಗಾಡಿದರು. ಸೋತೆವು. ಪ್ರಜ್ಞೆ ತಪ್ಪದೆಯೂ ಮಿದುಳಿಗೆ ಪೆಟ್ಟಾಗಿರಬಹುದು. ಅದು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ, ಅಪರೂಪಕ್ಕಾದರೂ, ಪ್ರಾಣಕ್ಕೇ ಕುತ್ತು. ಅನುಮಾನ ಬಂದರೆ ಅವತ್ತು ಆಟ ಮುಗಿಯಿತು. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಫಿಟ್ಸ್, ಮಾತು ತೊದಲುವುದು, ಎಬ್ಬಿಸಿದರೆ ಏಳದಿರುವುದು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಇವನ್ನು ಚೀಟಿಯಲ್ಲಿ ಬರೆದು ಅವನ ಅಪ್ಪನ ಕೈಗೆ ಕೊಟ್ಟೆ.

ಹುಡುಗ ಮೊದಲು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಂಡ. ಆಮೇಲೆ ಪಾಠಕ್ಕೆ ಬಂದ. ನಂತರ ನಡಿಗೆ, ಓಟ, ಯಾರೂ ಮುಟ್ಟದ ಅಭ್ಯಾಸ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ನಡುವೆ ಒಂದು ಸಲ ಓಡಿದ ಮೇಲೆ ತಲೆನೋವು ಬಂತು, ಹಿಂದಿನ ಹಂತಕ್ಕೆ ಕಳಿಸಿದೆ. ಮೈಮುಟ್ಟಿ ಹಿಡಿಯುವ ಆಟಕ್ಕೆ ಬಿಟ್ಟಿದ್ದು ಡಾಕ್ಟರ್ ಬರೆದುಕೊಟ್ಟ ಮೇಲೆಯೇ.