ಪೈಥಾನ್ ಇಟರೇಟರ್: ಒಮ್ಮೆ ಓದಿದರೆ ಖಾಲಿ

ಮೊದಲ ಲೂಪ್ ಸರಿಯಾಗಿ ಓಡುತ್ತದೆ. ಅದೇ ಡೇಟಾ ಮೇಲೆ ಎರಡನೇ ಲೂಪ್ ಹಾಕಿದರೆ ಏನೂ ಬರುವುದಿಲ್ಲ, ಎರರ್ ಕೂಡ ಇಲ್ಲ. ಪೈಥಾನ್ ಕಲಿಯುವವರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಹಂತ 1: ಲಿಸ್ಟ್ ಬೇರೆ, ಇಟರೇಟರ್ ಬೇರೆ. ಲಿಸ್ಟ್‌ನಲ್ಲಿ ಸರಕಿದೆ, ಇಟರೇಟರ್‌ಗೆ ಗೊತ್ತಿರುವುದು ಎಲ್ಲಿಯವರೆಗೆ ಓದಿದ್ದಾಯಿತು ಎಂಬುದು. ನೆಕ್ಸ್ಟ್ ಎಂದು ಕರೆದಾಗೆಲ್ಲ ಒಂದೊಂದೇ ಐಟಂ ಕೊಟ್ಟು, ಮುಗಿದಾಗ ಇನ್ನಿಲ್ಲ ಎಂಬ ಸಂಕೇತವಾದ ಸ್ಟಾಪ್‌ಇಟರೇಷನ್ ಎಸೆಯುತ್ತದೆ. ಫಾರ್ ಲೂಪ್ ಒಳಗೊಳಗೇ ನಡೆಸುವುದೂ ಇದನ್ನೇ.

ಹಂತ 2: ನಿಮ್ಮ ಕೈಯಲ್ಲಿರುವುದು ಯಾವುದು, ನೋಡಿಕೊಳ್ಳಿ. ಇಟರ್ ಫಂಕ್ಷನ್‌ಗೆ ಕೊಟ್ಟದ್ದೇ ವಾಪಸ್ ಬಂದರೆ ಅದು ಇಟರೇಟರ್. ಮ್ಯಾಪ್ (ಪ್ರತಿ ಐಟಂಗೂ ಒಂದು ಫಂಕ್ಷನ್ ಹಚ್ಚುವುದು), ಫಿಲ್ಟರ್ (ಬೇಕಾದವನ್ನು ಆರಿಸುವುದು), ಜಿಪ್ (ಐಟಂಗಳನ್ನು ಜೋಡಿಸುವುದು), ತೆರೆದ ಫೈಲ್ ಎಲ್ಲವೂ ಈ ಗುಂಪಿನವು. ರೇಂಜ್ ಅಲ್ಲ, ಅದನ್ನು ಎಷ್ಟು ಸಲ ಬೇಕಾದರೂ ಓದಬಹುದು. ಪೈಥಾನ್ 2ರಲ್ಲಿ ಮ್ಯಾಪ್ ನೇರವಾಗಿ ಲಿಸ್ಟ್ ಕೊಡುತ್ತಿತ್ತು. ಆ ಕಾಲದ ಪಾಠಗಳನ್ನು ನೋಡಿ ಕೋಡ್ ನಕಲು ಮಾಡಬೇಡಿ.

ಹಂತ 3: ಎಡವುವ ಜಾಗ. "12", "7", "30" ಎಂಬ ಮೂರು ಪಠ್ಯಗಳನ್ನು ಮ್ಯಾಪ್ ಮೂಲಕ ಸಂಖ್ಯೆ ಮಾಡಿದಿರಿ ಎನ್ನಿ. ಸಮ್ ಕೇಳಿದರೆ 49. ಮತ್ತೆ ಸಮ್ ಕೇಳಿ: 0. ಎರಡನೇ ಸಲ ಮ್ಯಾಕ್ಸ್ ಕೇಳಿದ್ದರೆ ವ್ಯಾಲ್ಯೂಎರರ್ ಬಂದು ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಸಮ್ ಕೊಡುವ 0 ಮಾತ್ರ ನಿಜವಾದ ಉತ್ತರದಂತೆಯೇ ಕಂಡು ವರದಿಯವರೆಗೂ ಹೋಗಿಬಿಡುತ್ತದೆ. ಇನ್ನೂ ಕಣ್ಣಿಗೆ ಬೀಳದ ತಪ್ಪೊಂದಿದೆ. ಹೊಸದಾಗಿ ಮ್ಯಾಪ್ ಮಾಡಿ, ಅದರಲ್ಲಿ 7 ಇದೆಯೇ ಎಂದು ಇನ್ ಬಳಸಿ ಕೇಳಿ. ಟ್ರೂ ಬರುತ್ತದೆ, ಆದರೆ ಹುಡುಕುವಾಗಲೇ 12 ಮತ್ತು 7 ಖರ್ಚಾಗಿವೆ. ಆಮೇಲೆ ಸಮ್ ಕೇಳಿದರೆ 30. ಡೀಬಗ್ ಮಾಡಲೆಂದು ಮಧ್ಯೆ ಪ್ರಿಂಟ್ ಒಳಗೆ ಲಿಸ್ಟ್ ಮಾಡಿ ನೋಡುವುದೂ ಇದೇ ತಪ್ಪು, ನೋಡಿದ್ದಕ್ಕೇ ಖಾಲಿಯಾಗುತ್ತದೆ.

ಡೇಟಾ ಸಣ್ಣದಿದ್ದರೆ ಮೊದಲೇ ಒಮ್ಮೆ ಲಿಸ್ಟ್ ಮಾಡಿ ಹೆಸರು ಕೊಟ್ಟು ಇಟ್ಟುಕೊಳ್ಳಿ. ಮೆಮೊರಿಗೆ ಹಿಡಿಸದ ಫೈಲಾದರೆ ಒಂದೇ ಲೂಪಿನಲ್ಲಿ ಮೊತ್ತ, ಗರಿಷ್ಠ ಎರಡನ್ನೂ ಲೆಕ್ಕಹಾಕಿ. ಇಟರ್‌ಟೂಲ್ಸ್‌ನ ಟೀ (ಒಂದು ಇಟರೇಟರಿನಿಂದ ಹಲವು ಪ್ರತಿ ಮಾಡುವ ಫಂಕ್ಷನ್) ಇದೆಯಲ್ಲ ಎನ್ನುವವರಿದ್ದಾರೆ. ಒಂದು ಪ್ರತಿಯನ್ನು ಪೂರ್ತಿ ಓದಿ ಇನ್ನೊಂದಕ್ಕೆ ಬರುವುದಾದರೆ ಟೀ ಎಲ್ಲವನ್ನೂ ಮೆಮೊರಿಯಲ್ಲೇ ಹಿಡಿದಿಡಬೇಕು. ಅದಕ್ಕಿಂತ ಲಿಸ್ಟೇ ವಾಸಿ.

ಹಂತ 4: ಓದುತ್ತಿರುವ ಲಿಸ್ಟಿಗೆ ಕೈ ಹಾಕಬೇಡಿ. 10, 15, 15, 20 ಇರುವ ಲಿಸ್ಟಿನಿಂದ ಲೂಪಿನೊಳಗೇ 15 ಬಂದಾಗೆಲ್ಲ ತೆಗೆಯುತ್ತ ಹೋದರೆ ಒಂದು 15 ಉಳಿದೇಬಿಡುತ್ತದೆ. ಮೊದಲ 15 ಹೋದಾಗ ಎರಡನೆಯದು ಅದರ ಜಾಗಕ್ಕೆ ಸರಿಯುತ್ತದೆ, ಇಟರೇಟರ್ ಮಾತ್ರ ಮುಂದಿನ ಸ್ಥಾನಕ್ಕೆ ದಾಟಿರುತ್ತದೆ. ಬೇಕಾದವನ್ನಷ್ಟೇ ಆರಿಸಿ ಹೊಸ ಲಿಸ್ಟ್ ಮಾಡಿ.

ಹಂತ 5: ಸ್ವಂತ ಇಟರೇಟರ್ ಬೇಕೆಂದರೆ ಕ್ಲಾಸ್ ಬರೆಯುವ ಗೋಜು ಬೇಡ, ಯೀಲ್ಡ್ (ಒಂದು ಐಟಂ ಕೊಟ್ಟು, ಮುಂದಿನದನ್ನು ಕೇಳುವವರೆಗೆ ಅಲ್ಲೇ ತಡೆಯುವ ಪದ) ಇರುವ ಫಂಕ್ಷನ್ ಸಾಕು. ನಿಲ್ಲಿಸಲು ಅದರೊಳಗೆ ರಿಟರ್ನ್ ಬರೆಯಿರಿ. ನೀವೇ ಸ್ಟಾಪ್‌ಇಟರೇಷನ್ ಎಸೆದರೆ ಪೈಥಾನ್ 3.7ರಿಂದ ಅದು ರನ್‌ಟೈಮ್‌ಎರರ್ ಆಗುತ್ತದೆ.