ಬೀಗದ ಕೈ ಮಗುವಿನ ಕೈಗೆ ಯಾವಾಗ?

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿದ್ದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಕೆಲಸಕ್ಕೆ ಹೋಗುವ ತಾಯಂದಿರು ಆ ಹೊತ್ತಿಗೆ ನನ್ನ ಹತ್ತಿರ ಬಂದು ಕೇಳುವುದು ಒಂದೇ ಮಾತು: "ಆಂಟಿ, ಇವನಿಗೆ ಹತ್ತು ತುಂಬಿತು. ಮಧ್ಯಾಹ್ನದ ಹೊತ್ತು ಒಬ್ಬನ್ನೇ ಬಿಟ್ಟು ಹೋಗಬಹುದಾ?" ಅಜ್ಜಿ ತಾತ ಇರೋದು ಊರಲ್ಲಿ, ಬೇಸಿಗೆ ಶಿಬಿರ ಎರಡು ವಾರಕ್ಕೇ ಮುಗಿಯುತ್ತದೆ, ಮನೆಗೆಲಸದವರು ಹನ್ನೊಂದಕ್ಕೆಲ್ಲ ಹೊರಟುಬಿಡುತ್ತಾರೆ. ಪಾಪ, ಬೇರೆ ದಾರಿ ಇದ್ದಿದ್ದರೆ ಅವರೂ ಕೇಳುತ್ತಿರಲಿಲ್ಲ.

ಉತ್ತರ ಕೊಡುವ ಮುಂಚೆ ನಾನೇ ಒಂದು ಪ್ರಶ್ನೆ ಹಾಕುತ್ತೇನೆ. "ಕೈಜಾರಿ ಗಾಜಿನ ಲೋಟ ಒಡೆದರೆ ಬಂದು ನಿನಗೆ ಹೇಳ್ತಾನೋ, ಚೂರನ್ನೆಲ್ಲ ಸೋಫಾ ಕೆಳಗೆ ತಳ್ತಾನೋ?" ಹೇಳುವ ಮಗುವಾದರೆ ಅರ್ಧ ಸಿದ್ಧವಾಗಿದೆ ಎಂದೇ ಲೆಕ್ಕ. ಬೈತಾರೆ ಅಂತ ಮುಚ್ಚಿಡುವ ಮಗು ಎಷ್ಟೇ ಜಾಣನಿರಲಿ, ತರಗತಿಗೇ ಮೊದಲು ಬರಲಿ, ಒಬ್ಬನನ್ನೇ ಬಿಡಬೇಡಿ. ಒಂಟಿಯಾಗಿರುವಾಗ ಏನೋ ಎಡವಟ್ಟಾದರೆ ಅವನು ಮಾಡಬೇಕಾದ ದೊಡ್ಡ ಕೆಲಸ ನಿಮಗೆ ಫೋನ್ ಮಾಡುವುದು. ಏಟಿನ ಭಯವಿರುವ ಮಗು ಆ ಫೋನನ್ನೇ ಮಾಡುವುದಿಲ್ಲ. ಹಾಗಿದ್ದರೆ ಮೊದಲು ತಿದ್ದಿಕೊಳ್ಳಬೇಕಾದವರು ದೊಡ್ಡವರು. ಒಂದಷ್ಟು ತಿಂಗಳು ಒಡೆದದ್ದಕ್ಕೆ, ಚೆಲ್ಲಿದ್ದಕ್ಕೆ ಕೂಗಾಡದೆ ಇದ್ದು ನೋಡಿ, ಮಗು ತಾನಾಗಿ ಬಾಯಿ ಬಿಡುತ್ತದೆ.

ವಯಸ್ಸಿನ ಮಾತಿಗೆ ಬಂದರೆ, ಇಷ್ಟು ವರ್ಷ ತುಂಬಿದ ಮೇಲೆ ಬಿಡಬಹುದು ಅಂತ ನಮ್ಮ ದೇಶದ ಕಾನೂನು ಗೆರೆ ಹಾಕಿಲ್ಲ. ಹಾಗಂತ ಹೇಗೆ ಬೇಕಾದರೂ ಬಿಡಬಹುದು ಎಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವಿನ ಹೊಣೆ ಹೊತ್ತವರು ಬೇಕೆಂದೇ ನಿರ್ಲಕ್ಷ್ಯ ಮಾಡಿ ಮಗು ನರಳುವಂತಾದರೆ 3 ವರ್ಷದವರೆಗೂ ಜೈಲು ಇದೆ. ವಿದೇಶದಲ್ಲಿರುವ ನಮ್ಮವರು ಅಲ್ಲಿಯ ನಿಯಮ ಕೇಳಿ ತಿಳಿದುಕೊಳ್ಳಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 8 ತುಂಬದ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ, ನೋಡಿಕೊಳ್ಳಲು ಇರುವವರಿಗೂ ಕಡೇಪಕ್ಷ 13 ಆಗಿರಬೇಕು. ನನ್ನ ಲೆಕ್ಕ ಕೇಳುವುದಾದರೆ 10ರ ಒಳಗೆ ಬೇಡವೇ ಬೇಡ. 10ರಿಂದ 12ರ ನಡುವೆ ಹಗಲು ಹೊತ್ತು, ಅರ್ಧ ಗಂಟೆಯಿಂದ ಶುರು ಮಾಡಿ ಒಂದು ಗಂಟೆಯವರೆಗೆ. 12 ದಾಟಿದ ಮೇಲೆ ಎರಡು ಮೂರು ಗಂಟೆ. ರಾತ್ರಿಯ ಮಾತನ್ನು ಕಾಲೇಜು ಸೇರುವವರೆಗೂ ಎತ್ತಬೇಡಿ. ಹಗಲಲ್ಲಿ ಹುಲಿಯಂತಿರುವ ಹುಡುಗ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋದರೆ ಮುದುರಿ ಕೂತುಬಿಡುತ್ತಾನೆ.

ಒಂದೇ ಸಲಕ್ಕೆ ಬಿಟ್ಟು ಹೋಗಬಾರದು. ಮೊದಲು ನೀವು ಮಹಡಿ ಮೇಲೆ ಬಟ್ಟೆ ಒಣಹಾಕುವಾಗ, ಆಮೇಲೆ ಬೀದಿ ಕೊನೆಯ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಹೋಗುವಾಗ ಅವನು ಒಬ್ಬನೇ ಇರಲಿ. ಬಂದಾಗ ಮನೆ ಹೇಗಿದೆ ಅಂತ ನೋಡುವುದಕ್ಕಿಂತ, ನೀವು ಹೇಳದೇ ಇದ್ದದ್ದು ಏನಾದರೂ ನಡೆದರೆ ಅವನೇನು ಮಾಡಿದ ಅಂತ ನೋಡಿ. ಗ್ಯಾಸ್ ಸಿಲಿಂಡರಿನವನು ಬಂದ, ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿದರು, ಬಾಲ್ಕನಿಗೆ ಕೋತಿ ಬಂತು. ಹೇಳಿಕೊಟ್ಟ ಪಾಠ ಒಪ್ಪಿಸುವುದು ಎಲ್ಲ ಮಕ್ಕಳಿಗೂ ಬರುತ್ತದೆ, ಹೇಳಿಕೊಡದೇ ಇದ್ದದ್ದು ಎದುರಾದಾಗಲೇ ಮಗು ಎಷ್ಟು ಬೆಳೆದಿದೆ ಅನ್ನೋದು ಕಾಣುವುದು.

ಬಾಗಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ. ಭದ್ರ ಇರಲಿ ಅಂತ ಒಳಗಿನ ಮೇಲಿನ ಚಿಲಕ ಹಾಕಿಸಿದರೆ, ಮಗು ಜಾರಿ ಬಿದ್ದರೂ ಗಾಢ ನಿದ್ದೆ ಹೋದರೂ ನಿಮ್ಮ ಬೀಗದ ಕೈ ಕೆಲಸಕ್ಕೆ ಬರುವುದಿಲ್ಲ. ಹೊರಗಿನಿಂದ ಬೀಗ ಜಡಿದು ಹೋಗುವುದಂತೂ ಮಹಾಪಾಪ. ಬೆಂಕಿ ಹೊತ್ತಿದರೆ ಮಗು ಎತ್ತ ಓಡಬೇಕು? ಒಳಗಿನಿಂದ ಮಗುವಿಗೆ ತೆಗೆಯಲು ಬರುವ, ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಲಾಕ್ ಒಂದೇ ಸಾಕು. ಈಗಿನ ಫ್ಲ್ಯಾಟುಗಳಲ್ಲಿ ಎಳೆದರೆ ತಾನೇ ಲಾಕ್ ಆಗುವ ಬಾಗಿಲಿರುತ್ತದೆ, ಮಗು ಚಪ್ಪಲಿ ಎತ್ತಿಡಲು ಹೊರಗೆ ಬಂದಾಗ ಗಾಳಿಗೆ ಹಾಕಿಕೊಂಡರೆ ಮುಗಿಯಿತು. ಅದಕ್ಕೇ ಇನ್ನೊಂದು ಕೀಲಿ ಪಕ್ಕದ ಮನೆಯಲ್ಲಿ ಇರಲಿ. ಕೀಲಿ ಕೊಡುವಷ್ಟು ನಂಬಿಕೆಯ ನೆರೆಯವರು ಸಿಗುವವರೆಗೆ ಮಗುವನ್ನು ಬಿಡುವ ಯೋಚನೆಯನ್ನೇ ಮುಂದಕ್ಕೆ ಹಾಕಿ ಅಂತ ನನ್ನ ಮಾತು.

ಯಾರಿಗೆ ಬಾಗಿಲು ತೆಗೆಯಬೇಕು ಅಂದರೆ "ಗೊತ್ತಿರೋರಿಗೆ" ಅಂತ ಹೇಳಿಕೊಟ್ಟರೆ ಸಾಲದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಅಂದರೆ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮಗುವಿಗೆ ಗೊತ್ತಿದ್ದವನೇ. ಮೂರೋ ನಾಲ್ಕೋ ಹೆಸರು ಹೇಳಿ, ಅವರಿಗೆ ಮಾತ್ರ ತೆಗಿ ಅನ್ನಿ. ಅದರಲ್ಲಿ ಇಲ್ಲದವರು ಸ್ವಂತ ಮಾವನೇ ಆಗಿದ್ದರೂ "ಅಮ್ಮಂಗೆ ಫೋನ್ ಮಾಡಿ ಮಾವ" ಅಂತ ಒಳಗಿನಿಂದಲೇ ಹೇಳಲಿ. ಮಾವನಿಗೆ ಬೇಜಾರಾದರೆ ಆಮೇಲೆ ನೀವು ಕಾಫಿ ಕೊಟ್ಟು ಸಮಾಧಾನ ಮಾಡಿ. "ಅಮ್ಮ ಸ್ನಾನಕ್ಕೆ ಹೋಗಿದ್ದಾರೆ" ಅಂತ ಸುಳ್ಳು ಹೇಳಿಸುವುದು ಎಲ್ಲ ಕಡೆ ರೂಢಿ, ನನಗದು ಹಿಡಿಸಿಲ್ಲ. ಎರಡನೇ ಪ್ರಶ್ನೆ ಕೇಳಿದ ಕೂಡಲೇ ಮಗು ತಡವರಿಸುತ್ತದೆ. "ಈಗ ಬಾಗಿಲು ತೆಗೆಯಲ್ಲ, ಪಾರ್ಸೆಲ್ ಅಲ್ಲೇ ಇಡಿ" ಅನ್ನೋದರಲ್ಲಿ ಸುಳ್ಳೂ ಇಲ್ಲ, ತಡವರಿಸುವ ಪ್ರಮೇಯವೂ ಇಲ್ಲ. ಫೋನಿನಲ್ಲಿ ಬಂದ ಓಟಿಪಿ ಯಾರಿಗೂ ಓದಿ ಹೇಳಬಾರದು ಅನ್ನೋದೂ ಈ ಪಾಠದಲ್ಲೇ ಸೇರಲಿ.

ಅಡುಗೆಮನೆಯಲ್ಲಿ ನೀವು ಹೊರಡುವಾಗ ರೆಗ್ಯುಲೇಟರನ್ನೇ ಆರಿಸಿ, ಒಲೆಯ ಗುಬುಟು ತಿರುಗಿಸಿದರೆ ಸಾಲದು. ಹೊಟ್ಟೆಗೆ ಮೊಸರನ್ನ, ಬಾಳೆಹಣ್ಣು, ಡಬ್ಬಿಯಲ್ಲಿ ಚಕ್ಕುಲಿ ಕೈಗೆ ಸಿಗುವ ಹಾಗೆ ಇಡಿ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ಚೂ ಮುಟ್ಟದೆ, ಬಾಗಿಲು ತೆರೆದಿಟ್ಟು, ಸೀದಾ ಪಕ್ಕದ ಮನೆಗೆ ಹೋಗಬೇಕು. ಗ್ಯಾಸಿನ ತುರ್ತು ಸಂಖ್ಯೆ 1906ಕ್ಕೆ ದೊಡ್ಡವರು ಹೊರಗಿನಿಂದ ಫೋನ್ ಮಾಡಿಕೊಳ್ಳಲಿ. ನೀರು ಕಾಯಿಸುವ ಕಾಯಿಲ್ ಎತ್ತಿಟ್ಟುಬಿಡಿ. ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ ಬೀಳಲಿ, ಅದು ಮಗು ಒಂಟಿಯಾಗಿರಲಿ ಬಿಡಲಿ. ಕರೆಂಟು ಹೋದರೆ ಮೇಣದಬತ್ತಿ ಬೇಡ, ಚಾರ್ಜ್ ಮಾಡಿದ ಟಾರ್ಚು ಯಾವಾಗಲೂ ಒಂದೇ ಜಾಗದಲ್ಲಿರಲಿ.

ಮನೆಯಲ್ಲಿ ಲ್ಯಾಂಡ್‌ಲೈನ್ ಇಲ್ಲದ ಕಾಲ ಇದು. ಹಳೇ ಕೀಪ್ಯಾಡ್ ಫೋನಿಗೆ ಸಿಮ್ ಹಾಕಿಟ್ಟರೆ ಆಯಿತು, ಮೊಬೈಲ್ ಗೇಮಿನ ಜಗಳವೂ ತಪ್ಪುತ್ತದೆ. ನಿಮ್ಮ ನಂಬರ್, ಪಕ್ಕದ ಮನೆಯವರದ್ದು, ಪೊಲೀಸು ಬೆಂಕಿ ಆಂಬ್ಯುಲೆನ್ಸಿಗೆಲ್ಲ ಒಂದೇ ಆದ 112, ಮಕ್ಕಳ ಸಹಾಯವಾಣಿ 1098, ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ನಂಬರ್ ಗೊತ್ತಿದ್ದೂ ವಿಳಾಸ ಹೇಳಲು ಬಾರದ ಮಕ್ಕಳು ಬಹಳ. "ನಮ್ಮನೆ, ದೇವಸ್ಥಾನದ ಹತ್ರ" ಅಂದರೆ ಆಂಬ್ಯುಲೆನ್ಸಿನವರು ಯಾವ ದೇವಸ್ಥಾನ ಹುಡುಕಬೇಕು? ಮನೆ ನಂಬರ್, ಕ್ರಾಸು, ಬಡಾವಣೆ, ಎದುರಿಗೆ ಏನಿದೆ, ಇದನ್ನೆಲ್ಲ ಬಾಯಿಪಾಠ ಮಾಡಿಸಿ.

ತಮ್ಮನನ್ನೋ ತಂಗಿಯನ್ನೋ ಜೊತೆಗೆ ಬಿಟ್ಟರೆ ಧೈರ್ಯ ಅಂತ ಕೆಲವರು ಎಣಿಸುತ್ತಾರೆ. ಒಬ್ಬಳೇ ಇರಬಲ್ಲ ಹನ್ನೊಂದರ ಹುಡುಗಿ ಐದರ ತಮ್ಮನನ್ನು ಸಂಭಾಳಿಸಬಲ್ಲಳು ಎಂದೇನಿಲ್ಲ. ಅವನು ಬಿದ್ದರೆ ಇಡೀ ವರ್ಷ "ನೀನು ನೋಡ್ಕೋಬಾರ್ದಿತ್ತಾ" ಅನ್ನಿಸಿಕೊಳ್ಳುವುದು ಅವಳೇ. ಚಿಕ್ಕವನನ್ನು ಬೇರೆ ಕಡೆ ಬಿಡಿ. ಹೆಣ್ಣುಮಗು ಅಂತ ಇವಳಿಗೆ ಬೇಗ ಹೊಣೆ ಹೊರಿಸುವುದು, ಗಂಡುಮಗು ಅಂತ ಅವನಿಗೆ ಬೇಗ ಸಲಿಗೆ ಕೊಡುವುದು, ಎರಡೂ ಬೇಡ.

ಮಗುವಿಗೇ ಇಷ್ಟವಿಲ್ಲದಿದ್ದರೆ ಒತ್ತಾಯ ಮಾಡಬೇಡಿ. "ಹೊಟ್ಟೆನೋವು" ಅಂತ ನೀವು ಹೊರಡುವ ಹೊತ್ತಿಗೇ ಶುರುವಾದರೆ ಅದು ಹೊಟ್ಟೆಯದ್ದಲ್ಲ, ಇನ್ನು ಆರು ತಿಂಗಳು ತಡೆದು ನೋಡಿ. ಬಿಟ್ಟು ಹೋದ ಮೇಲೆ ನಿಮ್ಮ ಮಾತೂ ನಿಲ್ಲಬೇಕು. ಆರಕ್ಕೆ ಬರ್ತೀನಿ ಅಂದರೆ ಆರಕ್ಕೆ ಬನ್ನಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಆರಕ್ಕೆ ಐದು ನಿಮಿಷ ಇರುವಾಗಲೇ ಫೋನ್ ಮಾಡಿ, ಆರೂ ಇಪ್ಪತ್ತಕ್ಕಲ್ಲ.